ಬರೆದವರ ಬಣ್ಣ, ಓದುವವರ ಬಣ್ಣ

ಭುವನೇಶ್ವರಿಗೆ ಚಿಕ್ಕಂದಿನಿಂದಲೂ ಒಂದು ಚಟ. ಯಾವುದೇ ಹೆಸರು ಕಿವಿಗೆ ಬಿದ್ದರೂ ಅದಕ್ಕೆ ಆ ಹೆಸರು ಯಾಕೆ ಬಂತು ಎಂದು ತಿಳಿಯುವ ತನಕ ಸಮಾಧಾನವಿಲ್ಲ. ಮುಂಬಯಿಯ ಕುರ್ಲಾದ ಚಾಳಿನಲ್ಲಿದ್ದಾಗ ಒಮ್ಮೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತು, ಈ ರೈಲುದಾರಿಗೆ ಹಾರ್ಬರ್ ಲೈನ್ ಅಂತ ಯಾಕೆ ಅಂತಾರೆ, ಇಲ್ಲಿ ಒಂದು ಹಡಗೂ ಕಾಣುವುದಿಲ್ಲವಲ್ಲ ಎಂದು ಒಳಗಿದ್ದವರನ್ನು ಕೇಳಿದ್ದಳು. ಹಿಂದಿನ ಸಾಲು ಗಲಾಟೆ ಎಬ್ಬಿಸಿತು. ಅಪ್ಪ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆದರೆ ರೈಲಿನಲ್ಲಿ ಕೂತ ಮೇಲೆ ಅವರೇ, "ಹೌದಲಾ, ಯಾಕ ಹಂಗಂತಾರ?" ಎಂದು ಎದುರಿಗಿದ್ದವನನ್ನು ಕೇಳಿದ್ದರು.

ಅಪ್ಪ ಅಣವೀರಪ್ಪ ಇಂಡಿ ಎಂಬ ಊರಿನ ಕಡೆಯಿಂದ ಬಂದವರು, ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಕುರ್ಲಾದ ಗ್ಯಾರೇಜುಗಳು, ಕಿರಾಣಿ ಅಂಗಡಿಗಳು, ಕ್ಷೌರದಂಗಡಿಗಳು ಎಲ್ಲದರ ನೆತ್ತಿಯ ಮೇಲೂ ಅವರ ಅಕ್ಷರ ಇದ್ದ ಕಾಲ ಒಂದಿತ್ತು. ಕನ್ನಡ ಮರಾಠಿ ಓದಲು ಬರುತ್ತಿತ್ತು. ಇಂಗ್ಲಿಷ್, ಗುಜರಾತಿ ಬರುತ್ತಿರಲಿಲ್ಲ, ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ಒಮ್ಮೆ ಒಂದು ಇಂಗ್ಲಿಷ್ ಅಕ್ಷರವನ್ನು ತಲೆಕೆಳಗಾಗಿ ಬರೆದು ಇಡೀ ಬೋರ್ಡು ಮತ್ತೆ ಬಳಿಯಬೇಕಾಗಿ ಬಂದಿತ್ತು. ಫ್ಲೆಕ್ಸ್ ಬ್ಯಾನರುಗಳು ಬಂದ ಮೇಲೆ ಕೆಲಸ ಕಡಿಮೆಯಾಗುತ್ತಾ ಹೋಗಿ ನಿಂತೇಹೋಯಿತು.

ಅದಕ್ಕೂ ಮೊದಲೇ ಭುವನೇಶ್ವರಿ ದುಡಿಯತೊಡಗಿದ್ದಳು. ತೊಂಬತ್ತೊಂಬತ್ತರಲ್ಲಿ ಬಿ.ಎ. ಮುಗಿಸಿ, ಕುರ್ಲಾದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಪುಟ ಮಾಡುವುದನ್ನು ಕಲಿತಳು. ಆಗಿನ ರೀತಿ ಹೀಗಿತ್ತು: ಒಂದು ಶಿರೋನಾಮೆ ಕೆಂಪಗೆ ದೊಡ್ಡದಾಗಿ ಕಾಣಬೇಕಾದರೆ, ಆ ಶಿರೋನಾಮೆಯ ಪಕ್ಕದಲ್ಲೇ 'ಇದು ಕೆಂಪು, ಇದು ದೊಡ್ಡದು' ಎಂದು ಕಂಪ್ಯೂಟರಿಗೆ ತಿಳಿಯುವ ಮಾತಿನಲ್ಲಿ ಬರೆಯಬೇಕು. ಮುಂದಿನ ಶಿರೋನಾಮೆಗೆ ಮತ್ತೆ ಅದೇ. ಅದರ ಮುಂದಿನದಕ್ಕೂ ಅದೇ. ಮೊದಲ ನೌಕರಿಯಲ್ಲಿ ಒಂದು ಟೂರ್ ಕಂಪನಿಯ ಸೈಟು ಮಾಡಿ ಮುಗಿಸಿದ್ದಳಷ್ಟೇ, ಯಜಮಾನರಿಗೆ ಕೆಂಪು ಬೇಡವೆನಿಸಿ ಕೇಸರಿ ಬೇಕೆನಿಸಿತು. ಅವಳೂ ಇನ್ನಿಬ್ಬರು ಹುಡುಗಿಯರೂ ಪ್ರತಿಯೊಂದು ಪುಟವನ್ನು ತೆರೆದು, ಪ್ರತಿಯೊಂದು ಕೆಂಪನ್ನು ಹುಡುಕಿ, ಕೇಸರಿ ಮಾಡುತ್ತ ಕೂತರು. ಅಲ್ಲೊಂದು ಇಲ್ಲೊಂದು ಕೆಂಪು ಉಳಿದೇ ಉಳಿಯಿತು.

ಆ ಕೆಲಸದ ನಡುವೆಯೇ ಅವಳಿಗೆ ಸ್ಟೈಲ್ ಶೀಟಿನ ವಿಷಯ ತಿಳಿದದ್ದು. ಮಾತು ಒಂದು ಕಡೆ, ಮಾತಿನ ವೇಷ ಇನ್ನೊಂದು ಕಡೆ. ಪುಟದಲ್ಲಿ 'ಇದು ಶಿರೋನಾಮೆ' ಎಂದಷ್ಟೇ ಹೇಳಿದರೆ ಸಾಕು. ಶಿರೋನಾಮೆಗಳೆಲ್ಲ ಕೇಸರಿ ಎಂಬ ಒಂದೇ ಸಾಲು ಬೇರೆ ಕಡೆ ಇರುತ್ತದೆ. ಆ ಸಾಲು ಬದಲಾಯಿಸಿದರೆ ಇಡೀ ಸೈಟು ಒಮ್ಮೆಲೇ ಬಣ್ಣ ಬದಲಿಸುತ್ತದೆ. ಮೊದಲ ಸಲ ಹಾಗಾದದ್ದನ್ನು ನೋಡಿ ಅವಳು ಕುರ್ಚಿಯಿಂದ ಎದ್ದೇ ನಿಂತಳು. ಸುಮ್ಮನೆ ಹಸಿರು ಮಾಡಿ ನೋಡಿದಳು, ನೀಲಿ ಮಾಡಿ ನೋಡಿದಳು, ಮತ್ತೆ ಕೇಸರಿಗೆ ತಂದಳು.

ಆದರೆ ಅದರ ಪೂರ್ತಿ ಹೆಸರು ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್. ಕ್ಯಾಸ್ಕೇಡ್ ಎಂದರೆ ನೀರು ಬಂಡೆಯಿಂದ ಬಂಡೆಗೆ ಧುಮುಕುವುದು. ಬಣ್ಣ ಅಳತೆಗಳ ಪಟ್ಟಿಗೂ ಜಲಪಾತಕ್ಕೂ ಏನು ಸಂಬಂಧ? ತಾನು ಕಲಿತ ಕ್ಲಾಸಿಗೆ ಮತ್ತೆ ಹೋಗಿ ಮಾಸ್ತರರನ್ನು ಕೇಳಿದಳು. "ಪರೀಕ್ಷಾ ಮೇ ನಹೀ ಆತಾ," ಎಂದರು ಅವರು.

ಪರೀಕ್ಷೆಗೆ ಬರದಿದ್ದರೆ ಬೇಡ. ಅವಳು ಸೈಬರ್ ಕೆಫೆಗಳಲ್ಲಿ ಕೂತು ಹಳೆಯ ಚರ್ಚೆಗಳನ್ನೆಲ್ಲ ಹುಡುಕಿ ಓದಿದಳು. ಅಲ್ಲಿ ಕಂಡದ್ದು ಒಂದು ಜಗಳದ ಕಥೆ. ವೆಬ್ ಹುಟ್ಟಿದ ಹೊಸತರಲ್ಲಿ ಪುಟ ಹೇಗೆ ಕಾಣಬೇಕು ಎಂದು ಹೇಳಲು ಬರೆಯುವವರಿಗೆ ದಾರಿಯೇ ಇರಲಿಲ್ಲ. ದಾರಿ ಬೇಕೆಂದು ಅವರು ಗೋಳಾಡುತ್ತಿದ್ದರು. ಪುಸ್ತಕ ಅಚ್ಚು ಹಾಕುವವರಿಗೆಂದು ಮೊದಲೇ ತಯಾರಾಗಿದ್ದ ಒಂದು ಭಾಷೆ ಇತ್ತು, ಅದರ ತುಂಬ ಆವರಣ ಚಿಹ್ನೆಗಳ ಕಾಡು. ಒಬ್ಬೊಬ್ಬರು ಒಂದೊಂದು ಹೊಸ ಭಾಷೆ ಮುಂದಿಟ್ಟರು. ಅವುಗಳಲ್ಲಿ ಒಂದು ಅವಳ ಮನಸ್ಸಿಗೆ ಹಿಡಿಸಿತು. ಅದರಲ್ಲಿ ಬರೆದವರಿಗೂ ಓದುವವರಿಗೂ ಪಾಲು ಇತ್ತು. ಶಿರೋನಾಮೆಯ ಅಳತೆಯಲ್ಲಿ ಬರೆದವರ ಮಾತು ಶೇಕಡಾ ಇಷ್ಟು, ಓದುವವರ ಮಾತು ಶೇಕಡಾ ಇಷ್ಟು ಎಂದು ಹಂಚಿಕೊಳ್ಳುವ ಯೋಚನೆ. ಜಲಪಾತ ಅದೇ. ಬ್ರೌಸರಿನ ನಿಯಮ, ಓದುವವರ ನಿಯಮ, ಬರೆದವರ ನಿಯಮ ಮೂರೂ ಹಂತಹಂತವಾಗಿ ಇಳಿದುಬಂದು ಪುಟದ ಮೇಲೆ ಸೇರಬೇಕು.

ಸಂಜೆ ಅಪ್ಪನಿಗೆ ಹೇಳಿದಳು. ಅವರು ಕುಂಚ ತೊಳೆಯುತ್ತಿದ್ದರು.

"ಅಳತಿ ಏನೋ ಹಂಚಿಕೋಬಹುದು," ಎಂದರು. "ಬರದಾಂವ ಕೆಂಪ ಅಂತಾನ, ಓದಾಂವ ಹಸರ ಅಂತಾನ. ಆವಾಗೇನ್ ಮಾಡ್ತಾರ? ಎರಡೂ ಕೂಡಿಸಿದ್ರ ಹೊಲಸ ಬಣ್ಣ ಆಗ್ತದ."

ಪಾಲು ಹಂಚುವ ಆ ಯೋಚನೆಯನ್ನು ಭಾಷೆ ಕಟ್ಟಿದವರೂ ಕೈಬಿಟ್ಟಿದ್ದರು. ಕೊನೆಗೆ ಉಳಿದದ್ದು ಸರಳ ಏರ್ಪಾಡು, ಯಾರಾದರೊಬ್ಬರ ಮಾತೇ ಪೂರ್ತಿ ನಡೆಯಬೇಕು. ಮಾಮೂಲಿಯಾಗಿ ಬರೆದವರದು. ಆದರೆ ಒಂದು ನಿಯಮಕ್ಕೆ 'ಇಂಪಾರ್ಟೆಂಟ್', ಅಂದರೆ ಇದು ನಡೆಯಲೇಬೇಕು, ಎಂಬ ಗುರುತು ಹಚ್ಚಬಹುದು. ಇಬ್ಬರೂ ಆ ಗುರುತು ಹಚ್ಚಿಬಿಟ್ಟರೆ? ತೊಂಬತ್ತಾರರ ಮೊದಲ ಆವೃತ್ತಿಯ ಪ್ರಕಾರ ಆಗಲೂ ಬರೆದವರೇ ಗೆಲ್ಲುತ್ತಾರೆ. ತೊಂಬತ್ತೆಂಟರ ಎರಡನೆಯ ಆವೃತ್ತಿಯಲ್ಲಿ ಅದು ತಿರುಗುಮುರುಗಾಗಿದೆ. ಓದುವವರು ಗೆಲ್ಲುತ್ತಾರೆ. ಕಣ್ಣು ಮಂದ ಇರುವವರಿಗೆ ದೊಡ್ಡ ಅಕ್ಷರ ಬೇಕಾಗಬಹುದು, ಅದಕ್ಕೆ ಯಾರೂ ಅಡ್ಡ ಬರಬಾರದು ಎಂಬ ಕಾರಣ ಕೊಟ್ಟಿದ್ದರು. ಎರಡೇ ವರ್ಷದಲ್ಲಿ ಇಷ್ಟು ದೊಡ್ಡ ತಿರುವು ಹೇಗಾಯಿತು, ಯಾರು ವಾದ ಮಾಡಿದರು, ಯಾರು ಸೋತರು ಎಂದು ಅವಳಿಗೆ ಕುತೂಹಲವೋ ಕುತೂಹಲ. ಆಮೇಲೆ ಮದುವೆ, ವಡಾಲದಲ್ಲಿ ಮನೆ, ಗೋರೆಗಾಂವಿನಲ್ಲಿ ದೊಡ್ಡ ಆಫೀಸಿನ ಕೆಲಸ, ಹೀಗೆ ಒಂದರ ಮೇಲೊಂದು ಬಂದು ಆ ಪ್ರಶ್ನೆ ಎಲ್ಲೋ ಹಿಂದೆ ಬಿತ್ತು. ಗಂಡ ಶಿವಪುತ್ರ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ. ಅವ್ವ ತೀರಿಹೋದ ಮೇಲೆ ಅಪ್ಪನನ್ನೂ ತಮ್ಮ ಮನೆಗೇ ಕರೆತಂದರು.

ಓದುವವರು ತಾವೇ ಬರೆದು ತಮ್ಮ ಬ್ರೌಸರಿಗೆ ಕೊಡಬಹುದಾದ ಸ್ಟೈಲ್ ಶೀಟನ್ನು ಆಫೀಸಿನಲ್ಲಿ ಯಾರೂ ನೆನೆಯುತ್ತಿರಲಿಲ್ಲ. ಎಷ್ಟೋ ಬ್ರೌಸರುಗಳು ಆ ಬಾಗಿಲನ್ನು ಮುಚ್ಚಿಯೇ ಬಿಟ್ಟಿದ್ದವು. ಇಪ್ಪತ್ತು ವರ್ಷ ಅವಳು ಬರೆದವರ ಕಡೆಯವಳಾಗಿಯೇ ದುಡಿದಳು.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಮುಂಬಯಿಯ ಒಂದು ಕನ್ನಡ ವಾರಪತ್ರಿಕೆ ಕಾಗದದ ಮೇಲೆ ಬರುವುದನ್ನು ನಿಲ್ಲಿಸಿ ವೆಬ್‌ಸೈಟಿಗೆ ಬರಲು ನಿರ್ಧರಿಸಿತು. ಆ ಸೈಟಿನ ಕೆಲಸ ಭುವನೇಶ್ವರಿಯ ಆಫೀಸಿಗೇ ಬಂತು. ಇನ್ನೊಂದು, ಅಣವೀರಪ್ಪನವರ ಕಣ್ಣು. ಅವರು ಎದುರಿಗಿದ್ದವರ ಕಿವಿ ನೋಡುತ್ತ ಮಾತಾಡತೊಡಗಿದ್ದರು. ನೇರ ನೋಡಿದರೆ ಮುಖದ ಜಾಗದಲ್ಲಿ ಒಂದು ಮಸಿ ಕಲೆ, ಅಂಚಿನಲ್ಲಿ ಮಾತ್ರ ಎಲ್ಲ ಕಾಣುತ್ತದೆ. ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಇರುವಷ್ಟನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು.

ಆ ವಾರಪತ್ರಿಕೆಯನ್ನು ಅಣವೀರಪ್ಪ ಮೂವತ್ತು ವರ್ಷದಿಂದ ಓದುತ್ತಿದ್ದರು. ಸೈಟು ಶುರುವಾದ ದಿನ ಮಗಳು ಹೆಮ್ಮೆಯಿಂದ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟಳು. ಅವರು ಮುಖವನ್ನು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು, ಮೂಗು ತಾಗುವಷ್ಟು ಹತ್ತಿರ ಹೋದರು.

"ಖಾಲಿ ಹಾಳಿ ತೋರಸ್ಲಾಕತ್ತೀ ಏನವ್ವಾ?"

"ಇಲ್ಲಪಾ, ಪೂರಾ ಬರದದ. ಸಣ್ಣ ಕಥಿ ಅದ, ಸಂಘದ ಸುದ್ದಿ ಅದ."

"ನನಗೇನೂ ಕಾಣವಲ್ದು."

ಬಿಳಿ ಹಾಳೆಯ ಮೇಲೆ ತಿಳಿ ಬೂದು ಬಣ್ಣದ, ಎಳೆಯಂಥ ತೆಳು ಅಕ್ಷರ. ಅದನ್ನು ವಿನ್ಯಾಸ ಮಾಡಿದವನು ನವೀನ, ಅವಳ ಪಕ್ಕದ ಮೇಜಿನ ಹುಡುಗ. ಅದನ್ನು ನಿಯಮಗಳಾಗಿ ಬರೆದು ಕೂರಿಸಿದವಳು ಅವಳೇ. ಯಾರೂ ಕೆಡಿಸದಿರಲಿ ಎಂದು ಸಾಲುಸಾಲಿಗೂ 'ಇಂಪಾರ್ಟೆಂಟ್' ಗುರುತು ಹಚ್ಚಿದ್ದವಳೂ ಅವಳೇ.

ಆಗ ಅವಳಿಗೆ ಆ ಹಳೆಯ ಬಾಗಿಲು ನೆನಪಾಯಿತು. ಒಂದು ಬ್ರೌಸರಿನಲ್ಲಿ ಅದಿನ್ನೂ ಉಳಿದಿದೆ, ಸೆಟ್ಟಿಂಗುಗಳ ಆಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಭಾನುವಾರ ಬೆಳಿಗ್ಗೆ ಚಹಾ ಕುಡಿದು ಅಪ್ಪನ ಪಕ್ಕದಲ್ಲಿ ಕೂತಳು.

"ಅಪ್ಪಾ, ಈಗ ನೀ ಹೇಳು, ನಾ ಬರೀತೀನಿ. ಯಾವ ಬಣ್ಣ?"

ಅಣವೀರಪ್ಪ ನೆಟ್ಟಗೆ ಕೂತರು. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! "ಬಿಳಿ ಮ್ಯಾಲ ಕೆಂಪ," ಎಂದರು ಧೈರ್ಯವಾಗಿ. "ಕೆಂಪ ದೂರದಿಂದ ಎದ್ದ ಕಾಣ್ತದ."

ಕೆಂಪು ಹಾಕಿದಳು. ಅವರಿಗೆ ಕಂದು ಬಣ್ಣದ ಕೆಸರು ಕಂಡಿತು. ನೀಲಿ ಹಾಕಿದರೆ ಅದೂ ಆಗಲಿಲ್ಲ. ಬಿಳಿಯ ಹೊಳಪೇ ಅವರ ಕಣ್ಣು ಕುಕ್ಕುತ್ತಿದೆ ಎಂದು ಇಬ್ಬರಿಗೂ ತಿಳಿದದ್ದು ಆಮೇಲೆ. ಹಿನ್ನೆಲೆ ಕಪ್ಪು ಮಾಡಿ ಅಕ್ಷರ ಹಳದಿ ಮಾಡಿದಳು. ಅಳತೆ ಏರಿಸಿದಳು. ಕೊನೆಗೆ ಒಂದೊಂದು ನಿಯಮಕ್ಕೂ ಅಪ್ಪನ ಪರವಾಗಿ 'ಇಂಪಾರ್ಟೆಂಟ್' ಎಂದು ಬರೆದು ಪುಟವನ್ನು ಮತ್ತೆ ತೆರೆದಳು.

ಪುಟ ಕಪ್ಪಾಯಿತು. ಅವಳೇ ಎರಡು ತಿಂಗಳು ಕೂತು ಬಿಗಿದ ಗಂಟುಗಳೆಲ್ಲ ಅಪ್ಪನ ಆರೆಂಟು ಸಾಲಿನ ಮುಂದೆ ಬಿಚ್ಚಿಕೊಂಡವು. ಓದಿ ತಿಳಿದಿದ್ದ ತೊಂಬತ್ತೆಂಟರ ಆ ತಿರುವು ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಆಗಲೇ. ಸೋತವಳು ತಾನೇ ಆದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಅಪ್ಪ ಮುಖ ಓರೆ ಮಾಡಿಕೊಂಡು, ಕಣ್ಣಂಚಿನಲ್ಲಿ, ಒಂದೊಂದೇ ಪದ ಓದತೊಡಗಿದರು. "ಮಾ...ಟುಂಗಾದಲ್ಲಿ... ನಾಟಕ... ಪ..." ನಿಂತರು. "ಇದರ ಕೆಳಗ ಒತ್ತು ಎಲ್ಲಿ ಹೋತು?"

ಅವಳು ಬಗ್ಗಿ ನೋಡಿದಳು. ನಿಜ. ಅಕ್ಷರ ದೊಡ್ಡದಾದ ಮೇಲೆ ಸಾಲಿನ ಪೆಟ್ಟಿಗೆಯಲ್ಲಿ ಜಾಗ ಸಾಲದೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ಪೆಟ್ಟಿಗೆಯ ಎತ್ತರ ಇಷ್ಟೇ ಎಂದು ಕಟ್ಟುಮಾಡಿದ್ದಳಲ್ಲ, ಅದರ ಫಲ. ಇನ್ನೂ ಒಂದಿತ್ತು. ಲೇಖನಗಳ ದೊಡ್ಡ ಶಿರೋನಾಮೆಗಳು ಬಿಳಿ ಪಟ್ಟಿಗಳಾಗಿ ಹಾಗೇ ಉಳಿದಿದ್ದವು. ನವೀನ ಅವುಗಳನ್ನು ಅಕ್ಷರವಾಗಿ ಬರೆದಿರಲಿಲ್ಲ, ಚಂದದ ಚಿತ್ರಗಳಾಗಿ ಅಂಟಿಸಿದ್ದ. ಚಿತ್ರದೊಳಗಿನ ಅಕ್ಷರಕ್ಕೆ ಯಾವ ಸ್ಟೈಲ್ ಶೀಟೂ ಬಣ್ಣ ಬಳಿಯಲಾರದು.

ಆದರೂ ಓದಲು ಬಂತಲ್ಲ. ಅಪ್ಪ ಖುಷಿಪಡುತ್ತಾರೆ ಎಂದುಕೊಂಡಳು. ಅವರು ಕೇಳಿದ್ದೇ ಬೇರೆ.

"ಇದನ್ನ ಮಾಡಿದಾಂವ ಹಿಂಗ ಮಾಡಿದ್ದಿಲ್ಲಲಾ? ಅವ ಹ್ಯಾಂಗ ಮಾಡ್ಯಾನ?"

"ಅದ್ಯಾಕ ಬೇಕ ನಿನಗ? ನಿನಗ ಕಾಣಸ್ತದಲಾ."

"ಕಾಣಸ್ತದ ಖರೆ. ಆದ್ರ ನಾ ನೋಡಿದ್ದು ಅವನ ಕೆಲಸ ಅಲ್ಲ." ಪರದೆಯಿಂದ ಹಿಂದೆ ಸರಿದು ಕೂತು, "ಸ್ಟೇಷನ್ ಕಡಿ ಆ ಗಡಿಯಾರದ ಅಂಗಡಿ ಬೋರ್ಡ್ ನೆನಪದ ಏನು?" ಎಂದರು. ಅವಳಿಗೆ ನೆನಪಿತ್ತು. ಹಸಿರು ನೆಲದ ಮೇಲೆ ಬಿಳಿ ಅಕ್ಷರ, ಅಪ್ಪ ಬಹಳ ಮನಸ್ಸಿಟ್ಟು ಬರೆದದ್ದು. ಅಂಗಡಿಯವನು ಬೇರೆ ಪೇಂಟರನ್ನು ಕರೆಸಿ ಅದರ ಸುತ್ತ ಕೆಂಪು ಅಂಚು ಹಾಕಿಸಿದ್ದ. ಗಿರಾಕಿಗೆ ಚೆನ್ನಾಗಿ ಕಾಣುತ್ತದಂತೆ. ಅಂದಿನಿಂದ ಅಪ್ಪ ಆ ಗಲ್ಲಿಯಲ್ಲಿ ಕಾಲಿಡಲಿಲ್ಲ.

"ಬರದಾಂವನ ಮಾತ ನಡೀಬೇಕವ್ವಾ," ಎಂದರು ಹಳದಿ ಅಕ್ಷರಗಳ ಮುಂದೆ ಕೂತು.

ಮರುದಿನ ಅವಳು ಆಫೀಸಿನಲ್ಲಿ ನವೀನನಿಗೆ ಆ ಕಪ್ಪು ಪುಟ ತೋರಿಸಿದಳು. ನವೀನ ಗೋರೆಗಾಂವಿನಲ್ಲೇ ಹುಟ್ಟಿ ಬೆಳೆದವನು, ಅಜ್ಜನ ಊರು ಧಾರವಾಡ. ಕನ್ನಡ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾನೆ. ಪರದೆ ನೋಡಿ ಅವನ ಮುಖ ಬಾಡಿತು.

"ಮ್ಯಾಡಂ, ಯೇ ಕ್ಯಾ ಹೈ? ಆ ಗ್ರೇ ಸೆಲೆಕ್ಟ್ ಮಾಡಕ್ಕೆ ನಾನು ಎಷ್ಟು ಟೈಮ್ ಹಾಕಿದೆ ಗೊತ್ತಲ್ಲಾ ನಿಮಗೆ. ಓದೋರು ಎಲ್ಲಾ ಚೇಂಜ್ ಮಾಡ್ತಾರೆ ಅಂದ್ರೆ ಫಿರ್ ನಮ್ಮ ಕೆಲಸ ಏನು?"

"ನಮ್ಮಪ್ಪನೂ ಹಿಂಗ ಕೇಳಿದ್ರು ನೋಡು," ಎಂದಳು. ಯಾರ ಪುಟ ಅದು ಎಂದು ಹೇಳಿದಳು, ಕಣ್ಣಿನ ಕಥೆ ಹೇಳಿದಳು, ಗಡಿಯಾರದ ಅಂಗಡಿಯ ಕಥೆಯನ್ನೂ ಹೇಳಿದಳು. ನವೀನ ಕೇಳುತ್ತ ಕೇಳುತ್ತ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಕಾಕಾ ನನ್ನ ಸೈಡ್ ಇದ್ದಾರಾ?" ಎಂದ, ನಂಬಿಕೆಯಾಗದೆ. ಆಮೇಲೆ, "ಆದರೆ ಅವರಿಗೇ ಕಾಣ್ಸಲ್ಲ." ಕೊನೆಗೆ, "ಅವರನ್ನ ಕರ್ಕೊಂಡು ಬನ್ನಿ ಒಮ್ಮೆ."

ಒಂದು ಶನಿವಾರ ಅಪ್ಪ ಮಗಳು ವಡಾಲದಲ್ಲಿ ಲೋಕಲ್ ಹತ್ತಿ ನೇರ ಗೋರೆಗಾಂವಿಗೆ ಬಂದಿಳಿದರು. ದಾರಿಯುದ್ದಕ್ಕೂ ಅಣವೀರಪ್ಪ ಕಿಟಕಿಯ ಕಡೆ ಕಿವಿ ಮಾಡಿ ಕೂತು, ಸ್ಟೇಷನ್ನಿನ ಹಳದಿ ಬೋರ್ಡುಗಳನ್ನು ಕಣ್ಣಂಚಿನಲ್ಲಿ ಹಿಡಿಯಲು ನೋಡುತ್ತಿದ್ದರು. ಕೆಲವನ್ನು ಓದಿದರು, ಕೆಲವನ್ನು ಊಹಿಸಿದರು. ಕಿಂಗ್ಸ್ ಸರ್ಕಲನ್ನು ಮಾಹಿಮ್ ಎಂದರು.

ಆಫೀಸಿನಲ್ಲಿ ನವೀನ ಅವರನ್ನು ಕೂರಿಸಿ, ತಾನು ನೆಲದ ಮೇಲೇ ಕೂತ. ತನ್ನ ಪುಟ ಹೇಗಿದೆ ಎಂದು ವಿವರಿಸಲು ಹೊರಟ. ಕನ್ನಡ ಸಾಲಲಿಲ್ಲ. "ಕಾಕಾ, ಈ ಗ್ರೇ... ಲೈಟ್ ಇದೆ. ಬೆಳಿಗ್ಗೆ ಧುಂದ್ ಇರತ್ತಲ್ಲಾ, ಸಮುದ್ರ ಮೇಲೆ, ಹಂಗೆ."

"ಮಂಜು," ಎಂದಳು ಭುವನೇಶ್ವರಿ.

"ಹಾಂ, ಮಂಜು. ಅಕ್ಷರ ಆ ಮಂಜಿಂದ ಹೊರಗೆ ಬಂದ ಹಾಗೆ."

ಅಣವೀರಪ್ಪ ಕಣ್ಣು ಮುಚ್ಚಿ ಕೇಳಿದರು. "ಛಲೋ ವಿಚಾರ ಮಾಡೀದಿ," ಎಂದರು. "ಆದ್ರ ಮಂಜಿನ್ಯಾಗ ಬೋರ್ಡ್ ಹಾಕಿದ್ರ ಅಂಗಡಿಗಿ ಗಿರಾಕಿ ಬರಂಗಿಲ್ಲ." ಮೂವರೂ ನಕ್ಕರು. ನವೀನ ನಗುತ್ತಲೇ ವಾದಕ್ಕಿಳಿದ. ಬೋರ್ಡು ಒಂದೇ, ಅದನ್ನು ಎಲ್ಲರೂ ಒಂದೇ ಥರ ನೋಡಬೇಕು. ಪುಟ ಹಾಗಲ್ಲ, ಒಬ್ಬೊಬ್ಬರ ಮುಂದೆ ಬೇರೆ ಬೇರೆಯಾಗಿ ತೆರೆದುಕೊಳ್ಳುತ್ತದೆ. ಅಂದ ಮೇಲೆ ಒಬ್ಬರ ಪುಟ ಕಪ್ಪಾದರೆ ಇನ್ನೊಬ್ಬರ ಮಂಜು ಯಾಕೆ ಕರಗಬೇಕು?

ಹಾಗೆ ಹೇಳುತ್ತಿದ್ದವನು ತನ್ನ ಮಾತಿಗೇ ತಾನು ನಿಂತ. "ಅರೇ ಮ್ಯಾಡಂ, ಇದು ನಾವೇ ಮಾಡಬಹುದಲ್ಲಾ. ಪೇಜ್ ಅವರನ್ನ ಪೂಛ್ ಸಕ್ತಾ ಹೈ."

ಕೇಳಬಹುದಿತ್ತು. ಈಚಿನ ವರ್ಷಗಳಲ್ಲಿ ಸ್ಟೈಲ್ ಶೀಟಿನ ಭಾಷೆಗೆ ಹೊಸ ಮಾತುಗಳು ಸೇರಿವೆ. ಈ ಓದುಗರು ಕಪ್ಪು ಹಿನ್ನೆಲೆ ಬೇಕೆಂದು ತಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಹೇಳಿಟ್ಟಿದ್ದಾರೆಯೇ, ಅಕ್ಷರಕ್ಕೂ ಹಿನ್ನೆಲೆಗೂ ಹೆಚ್ಚು ವ್ಯತ್ಯಾಸ ಬೇಕೆಂದಿದ್ದಾರೆಯೇ ಎಂದು ಪುಟವೇ ವಿಚಾರಿಸಿ, ಅದಕ್ಕೆ ತಕ್ಕ ವೇಷ ಹಾಕಿಕೊಳ್ಳಬಹುದು. ಆ ವೇಷವನ್ನು ಹೊಲಿಯುವವರು ಮಾತ್ರ ಬರೆದವರೇ. ಶೇಕಡಾ ಪಾಲಿನ ಆ ಹಳೆಯ ಕನಸಿಗೆ ಇದು ಎಷ್ಟು ಹತ್ತಿರ, ಎಷ್ಟು ದೂರ ಎಂದು ಭುವನೇಶ್ವರಿ ಯೋಚಿಸುತ್ತ ನಿಂತಳು. ಅವಳು ಈ ಹೊಸ ಮಾತುಗಳನ್ನು ಎಷ್ಟೋ ಸೈಟುಗಳಲ್ಲಿ ಬರೆದೂ ಇದ್ದಳು, ಗ್ರಾಹಕರು ಕೇಳಿದ್ದಾರೆಂದು ಬರೆದಿದ್ದಳು ಅಷ್ಟೇ.

ಮುಂದಿನ ಕೆಲವು ವಾರ ಇಬ್ಬರೂ ಆ ಸೈಟನ್ನು ಮತ್ತೆ ಬಿಚ್ಚಿ ಕಟ್ಟಿದರು. ನವೀನ ಚಿತ್ರದ ಶಿರೋನಾಮೆಗಳನ್ನು ಕಿತ್ತು ನಿಜವಾದ ಅಕ್ಷರಗಳನ್ನು ಕೂರಿಸಿದ. ಅವನಿಗೆ ಬೇಕಾದ ಡೊಂಕು ಯಾವ ಫಾಂಟಿನಲ್ಲೂ ಸಿಗಲಿಲ್ಲ, ಆ ಬೇಜಾರು ಕೊನೆಗೂ ಹೋಗಲಿಲ್ಲ. ಭುವನೇಶ್ವರಿ ಪೆಟ್ಟಿಗೆಗಳ ಕಟ್ಟು ಸಡಿಲಿಸಿ ಒತ್ತಕ್ಷರಗಳಿಗೆ ಕಾಲು ಚಾಚಲು ಜಾಗ ಮಾಡಿದಳು. 'ಇಂಪಾರ್ಟೆಂಟ್' ಗುರುತುಗಳನ್ನು ಒಂದೊಂದಾಗಿ ತೆಗೆದಳು, ತೆಗೆದಾಗಲೆಲ್ಲ ಬೇರೆಲ್ಲೋ ಏನೋ ಕಳಚಿಕೊಳ್ಳುತ್ತಿತ್ತು, ಅದನ್ನು ಸರಿಮಾಡಬೇಕಾಗುತ್ತಿತ್ತು. ಕಪ್ಪು ಪುಟದ ಹಳದಿ ಎಂಥದ್ದಿರಬೇಕು ಎನ್ನುವುದಕ್ಕೆ ನವೀನ ವಡಾಲಕ್ಕೆ ಎರಡು ಸಲ ಬಂದು ಅಣವೀರಪ್ಪನವರ ಜೊತೆ ಕೂತ. ಅವರು ನಿಂಬೆಹಣ್ಣಿನ ಹಳದಿ ಎಂದರು, ಅವನು ಅರಿಶಿನದ್ದು ಎಂದ. ಎರಡನ್ನೂ ಹಾಕಿ ನೋಡಿದರು. ಅವನದೇ ಗೆದ್ದಿತು. ನಿಂಬೆ ಹಳದಿಗೆ ಹಿರಿಯರ ಕಣ್ಣಲ್ಲಿ ನೀರು ಬರುತ್ತಿತ್ತು.

ಪತ್ರಿಕೆಯವರು ಮೊದಲು ಗೊಣಗಿದರು. ಕೆಲಸ ಮುಗಿದ ಸೈಟನ್ನು ಮತ್ತೆ ಯಾಕೆ ಕೆದಕುತ್ತೀರಿ ಎಂದರು. ಆಮೇಲೆ ಸಂಪಾದಕರೇ ಫೋನು ಮಾಡಿ, ತಮ್ಮ ಮನೆಯಲ್ಲಿ ಅತ್ತೆಯವರು ಈಗ ತಾವಾಗಿ ಓದುತ್ತಿದ್ದಾರೆ, ಮುದ್ರಣದೋಷಗಳನ್ನೂ ಹುಡುಕಿ ಹೇಳುತ್ತಿದ್ದಾರೆ ಎಂದು ಅರ್ಧ ಸಂತೋಷದಿಂದ, ಅರ್ಧ ಸಂಕಟದಿಂದ ತಿಳಿಸಿದರು.

ಅಣವೀರಪ್ಪನವರ ಪುಟ ಈಗ ಮಗಳು ಬರೆದುಕೊಟ್ಟ ನಿಯಮವಿಲ್ಲದೆಯೇ ಕಪ್ಪಾಗಿ ತೆರೆದುಕೊಳ್ಳುತ್ತದೆ. ನಿಧಾನವಾಗಿ ಓದುತ್ತಾರೆ. ನಾಟಕದ ವಿಮರ್ಶೆ, ಸಂಘದ ಚುನಾವಣೆ, ಕೊನೆಗೆ ವಧೂವರರ ಜಾಹೀರಾತು. ದಣಿದಾಗ ನಿಲ್ಲಿಸುತ್ತಾರೆ.

ಮೊನ್ನೆ ಬೆಳಿಗ್ಗೆ ಭುವನೇಶ್ವರಿ ಆಫೀಸಿಗೆ ಹೊರಟಿದ್ದಳು. ಅಪ್ಪ ಲ್ಯಾಪ್‌ಟಾಪಿನ ಮುಂದೆ ಮುಖ ಓರೆ ಮಾಡಿ ಕೂತಿದ್ದರು. ಪರದೆ ಬೆಳ್ಳಗಿತ್ತು. ಕಪ್ಪು ಬೇಡವೆಂದು ತಾವೇ ಬದಲಾಯಿಸಿಕೊಂಡಿದ್ದರು, ಹೇಗೆ ಬದಲಾಯಿಸಿದರೋ!

"ಏನ್ ನೋಡ್ಲಾಕತ್ತೀಯಪಾ? ಕಣ್ಣ ನೋಯ್ತಾವ."

"ತಡಿ. ಆ ಹುಡುಗನ ಮಂಜು ಕಾಣಸ್ತದೇನು ಅಂತ ನೋಡ್ಲಾಕತ್ತೀನಿ." ಮೂಲೆಯಿಂದ ಮೂಲೆಗೆ ಮುಖ ತಿರುಗಿಸಿದರು. "ಬೂದಿ ಬಣ್ಣ ಅಂದಿದ್ರಿ. ನನಗ ಸ್ವಲ್ಪ ಹಸರ ಹೊಡದಂಗ ಕಾಣ್ತದ. ಅದರಾಗ ಹಸರ ಅದ ಏನು?"

ಅವಳು ಚೀಲ ಕೆಳಗಿಟ್ಟು ನಿಯಮ ತೆರೆದು ನೋಡಿದಳು. ಹಸಿರು ಇರಲಿಲ್ಲ. ಬೂದು ಬಣ್ಣದಲ್ಲಿ ನವೀನ ಬೆರೆಸಿದ್ದು ಒಂದು ಚಿಟಿಕೆ ನೀಲಿ. ಹಾಗೆಂದು ಹೇಳಿದಳು.

"ನೀಲಿ?" ಅಣವೀರಪ್ಪನವರ ಹುಬ್ಬು ಮೇಲೇರಿತು. "ಹಂಗಾರ ನನ್ನ ಕಣ್ಣ ಸುಳ್ಳ ಹೇಳ್ಲಾಕತ್ತಾವ. ನೀಲಿ ಹಸರ ಯಾಕ ಕಾಣ್ತದವ್ವಾ?"

ಅವಳಿಗೆ ಗೊತ್ತಿರಲಿಲ್ಲ. ರೈಲು ತಪ್ಪುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕ ಕೂತು, ಆ ನೀಲಿಯನ್ನು ಸ್ವಲ್ಪ ಹೆಚ್ಚಿಸಿ, "ಈಗ?" ಎಂದು ಕೇಳಿದಳು.